ಬಾಯ್ಲರ್ ಕೋಣೆಯ ಚಿಲಕ

ಲೆಸ್ಟರ್
14 ಅಕ್ಟೋಬರ್ 2025

ಪ್ರೀತಿಯ ಮೆರಿಯಲ್,

ನಿನ್ನೆ ಮತ್ತೆ ಅದೇ ಕನಸು. ಬಾಯ್ಲರ್ ಕೋಣೆಯ ಮೆಟ್ಟಿಲು ಇಳಿಯುತ್ತಿದ್ದೇನೆ. ಸೊಂಟದ ಮೇಲೆ ಮಗಳು ಜೋ ಇದ್ದಾಳೆ, ಆದರೆ ಕೂಸು ಜೋ ಅಲ್ಲ, ಈಗಿನ ಮೂವತ್ತಾರರ ಜೋ, ಅಷ್ಟುದ್ದದ ಹೆಂಗಸನ್ನು ಹೊತ್ತುಕೊಂಡು ಇಳಿಯುತ್ತಿದ್ದೇನೆ. ಕೆಳಗೆ ಆ ಬಾಗಿಲು. ಚಿಲಕ ಹಾಕಿದೆಯೋ ಎಂದು ಮುಟ್ಟಿದರೆ, ನೆನೆದ ಬ್ರೆಡ್ಡಿನ ಹಾಗೆ ಮೆತ್ತಗೆ ಬೆರಳಿಗೇ ಅಂಟಿಕೊಂಡು ಬರುತ್ತದೆ. ಹಿಂದಿನಿಂದ ಮಿಸೆಸ್ ಸೋಲಂಕಿ ಕೇಳುತ್ತಾರೆ, “ಹಾಕಿದ್ಯೇನೇ?” ನಾನು “ಹಾಕ್ದೆ” ಅನ್ನುತ್ತೇನೆ. ಸುಳ್ಳು ಎಂದು ಕನಸಿನಲ್ಲೂ ಗೊತ್ತು. ಎದ್ದು ಹೋಗಿ ನಮ್ಮ ಮುಂಬಾಗಿಲು ನೋಡಿ ಬಂದೆ. ಹಿತ್ತಿಲ ಬಾಗಿಲು ನೋಡಿದೆ. ಮತ್ತೆ ಮುಂಬಾಗಿಲು.

ನಿನ್ನ ಕಾಗದ ಬಂದದ್ದೇ ಈ ಕನಸಿಗೆ ಕಾರಣ, ಬೈಯುತ್ತಿಲ್ಲ, ಹೇಳಿದೆ ಅಷ್ಟೆ. ನಮ್ಮ ಟ್ಯಾನರ್ಸ್ ಗೇಟ್ ಕಾಲೇಜಿಗೆ ಮುಂದಿನ ವರ್ಷ ಐವತ್ತು ತುಂಬುತ್ತದೆ, ಅದರ ಚರಿತ್ರೆಯನ್ನು ನೀನು ಬರೆಯುತ್ತಿದ್ದೀಯ ಎಂದು ಓದಿ ಎದೆ ಉಬ್ಬಿತು. ಇನ್ಯಾರು ಬರೆಯಬೇಕು? ಓದಿದವಳು ನೀನು. ನಾನು ಓದನ್ನು ಅರ್ಧಕ್ಕೆ ಬಿಟ್ಟವಳು, ಅದೂ ಎರಡು ಸಲ. ಅಮ್ಮ ಹಾಸಿಗೆ ಹಿಡಿದಾಗ ಹದಿನಾಲ್ಕಕ್ಕೆ ಒಂದು ಸಲ, ಆಮೇಲೆ ಟ್ಯಾನರ್ಸ್ ಗೇಟಿನಲ್ಲಿ ಇನ್ನೊಂದು ಸಲ. ನೆನಪಿರುವುದನ್ನೆಲ್ಲ ಈಮೇಲ್ ಮಾಡು ಅಂದಿದ್ದೀಯ. ಈಮೇಲ್ ನನಗೆ ಆಗಿಬರುವುದಿಲ್ಲ. ಒಂದು ಸಲ ಒತ್ತಿದರೆ ಹೋಯಿತು. ಕಾಗದವಾದರೆ ಲಕೋಟೆ ಬಿಚ್ಚಿ ಮತ್ತೆ ನೋಡಬಹುದು.

ಹಳೆಯ ಕಥೆ ನಿನಗೂ ಗೊತ್ತು. ಮೊದಲು ಅದು ದೊಡ್ಡ ಮನೆಯ ಹೆಣ್ಣುಮಕ್ಕಳ ಶಾಲೆ, ಬಿಳಿ ಟೊಪ್ಪಿಗೆ, ಆಕ್ಸ್‌ಫರ್ಡಿಗೆ ಹೋದವರ ಹೆಸರು ಸಭಾಂಗಣದ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ. ಎಪ್ಪತ್ತಾರರಲ್ಲಿ ಅದನ್ನು ಸಿಕ್ಸ್ತ್ ಫಾರ್ಮ್ ಕಾಲೇಜು ಮಾಡಿ, ಹದಿನಾರು ತುಂಬಿದ ಯಾರಾದರೂ ಬನ್ನಿ ಅಂದರು. ನಾವು ಬಂದೆವು. ಕಾಲುಚೀಲದ ಕಾರ್ಖಾನೆಯವರ ಮಕ್ಕಳು, ಉಗಾಂಡದಿಂದ ಓಡಿಬಂದವರ ಮಕ್ಕಳು, ಜಮೈಕಾದವರ ಮಕ್ಕಳು. ಅಲ್ಲಿಗೆ ಆ ಹಲಗೆಗೆ ಚಿನ್ನ ಹಚ್ಚುವುದನ್ನು ನಿಲ್ಲಿಸಿದರು. ನೀನು ಡರಮ್ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ನಿನ್ನ ಹೆಸರು ಬರೆಯಲಿಲ್ಲ ಎಂದು ನನಗೆ ಈಗಲೂ ಹೊಟ್ಟೆಯುರಿ.

ತೊಂಬತ್ತರ ಧರಣಿಯ ವಿಷಯ ಬರೆಯುತ್ತೀಯಲ್ಲ? ಬರೆಯಲೇಬೇಕು. ನೆಲಮಾಳಿಗೆಯಲ್ಲಿ ಮಿಸೆಸ್ ಸೋಲಂಕಿ ನಡೆಸುತ್ತಿದ್ದ ಮಕ್ಕಳ ಕೋಣೆ. ಕೂಸನ್ನು ಅಲ್ಲಿ ಬಿಟ್ಟು ಮೇಲೆ ಹೋಗಿ ಪಾಠ ಕೇಳುವ ಭಾಗ್ಯ ಈ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಅದನ್ನು ಮುಚ್ಚುತ್ತೇವೆ ಎಂದಾಗ ತಾನೇ ನಾವು ಕಟ್ಟಡವನ್ನು ಹಿಡಿದುಕೊಂಡು ಕೂತದ್ದು. ಶುಕ್ರವಾರ ಶಿಕ್ಷಣ ಸಮಿತಿಯ ಸಭೆ, ಬೆಳಿಗ್ಗೆ ಟೀವಿಯವರು ಬರುತ್ತಾರೆ, ಅಲ್ಲಿಯವರೆಗೆ ಒಳಗೆ ಇದ್ದರೆ ಸಾಕಿತ್ತು. ಆ ಬೆಳಗಿನ ಜಾವ ಬಾಯ್ಲರ್ ಕೋಣೆಯ ಹೊರಬಾಗಿಲ ಕಾವಲು ನನ್ನ ಸರದಿ. ಜೋ ಅತ್ತಳು, ಹಾಲು ಕೊಡಲು ಎದ್ದು ಮೇಲೆ ಹೋದೆ. ವಾಪಸು ಬರುವಷ್ಟರಲ್ಲಿ ಪ್ರಿನ್ಸಿಪಾಲ್ ಕ್ರೆಸ್‌ವೆಲ್ ಮತ್ತು ಕೌನ್ಸಿಲಿನ ಆಳುಗಳು ಪಡಸಾಲೆಯಲ್ಲಿ ನಿಂತಿದ್ದರು. “ಬಾಗಿಲು ತೆರೆದೇ ಇತ್ತಲ್ಲ, ಹುಡುಗೀರಾ!” ಅಂದರು ಕ್ರೆಸ್‌ವೆಲ್, ಟೀಗೆ ಬಂದವರ ಹಾಗೆ. ಕ್ಯಾಮೆರಾ ಬರುವ ಮೊದಲೇ ನಾವು ಬೀದಿಯಲ್ಲಿದ್ದೆವು. ವಿದ್ಯಾರ್ಥಿಗಳೇ ಬಿಟ್ಟು ಹೋದರು ಎಂದು ಸಭೆಯಲ್ಲಿ ಹೇಳಿ, ಈಸ್ಟರ್ ಹೊತ್ತಿಗೆ ಮಕ್ಕಳ ಕೋಣೆಗೆ ಬೀಗ. ಕೂಸಿದ್ದ ಹುಡುಗಿಯರೆಲ್ಲ ಓದು ಬಿಟ್ಟರು. ನಾನು ಕಾಲುಚೀಲದ ಕಾರ್ಖಾನೆಗೆ ಹೋದೆ.

ನಾನು ಚಿಲಕ ಹಾಕಿದ್ದೆನೇ, ಮೆರಿಯಲ್? ಹಾಕಿ ಎರಡು ಮೆಟ್ಟಿಲು ಹತ್ತಿ ಮತ್ತೆ ಇಳಿದು ನೋಡಿದೆ ಎಂದು ನೆನಪು. ಆದರೆ ಆ ನೆನಪನ್ನು ಎಷ್ಟು ಸಲ ತೆಗೆದು ನೋಡಿದ್ದೇನೆಂದರೆ, ಅದು ನಡೆದದ್ದೋ ನಾನು ಕಟ್ಟಿಕೊಂಡದ್ದೋ ತಿಳಿಯದು. ಇನ್ನೊಂದು ಕೆಲಸವನ್ನೂ ಮಾಡಿದ ಹಾಗೆ ನೆನಪು. ಅದನ್ನು ಯಾರಿಗೂ ಹೇಳಿಲ್ಲ, ಬರೆದರೆ ನೀನೂ ನಗುತ್ತೀಯ, ಬಿಡು.

ಕೇಳುವುದು ಇಷ್ಟೇ. ಬಾಗಿಲಿನ ಬಗ್ಗೆ ಏನು ಬರೆಯುತ್ತೀಯ? ನನ್ನ ಮೊಮ್ಮಗಳು ಟೆಗನ್ ಬರುವ ಸೆಪ್ಟೆಂಬರಿಗೆ ಅಲ್ಲಿಗೇ ಸೇರುತ್ತಾಳೆ. ಹೊಸದಾಗಿ ಸೇರುವವರಿಗೆಲ್ಲ ನಿನ್ನ ಪುಸ್ತಕ ಕೊಡುತ್ತಾರಂತೆ. ಅವಳು ಓದುತ್ತಾಳೆ. ಅವಳು ಎಲ್ಲವನ್ನೂ ಓದುವ ಹುಡುಗಿ.

ನಿನ್ನ
ಲಿನೆಟ್


ಅಬರ್ಡೀನ್
2 ನವೆಂಬರ್ 2025

ಪ್ರಿಯ ಲಿನೆಟ್,

ಎಷ್ಟು ಚೆನ್ನಾಗಿ ಬರೆಯುತ್ತೀಯ, ನಿನಗೆ ಗೊತ್ತೇ ಇಲ್ಲ! ಚಿನ್ನದ ಅಕ್ಷರದ ಹಲಗೆಯ ಮಾತನ್ನು ಹಾಗೆಯೇ ಎತ್ತಿಕೊಳ್ಳುತ್ತೇನೆ, ಕೋಪ ಮಾಡಿಕೊಳ್ಳಬೇಡ.

ನೀನು ಇನ್ನೂ ಆ ಬಾಗಿಲನ್ನು ಬೆನ್ನ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದೀಯ ಎಂದು ತಿಳಿದು ಸಂಕಟವಾಯಿತು. ಇಳಿಸಿಬಿಡು. ಹದಿನೆಂಟರ ಹುಡುಗಿ, ತೋಳಿನಲ್ಲಿ ಕೂಸು, ಮೂರು ದಿನದಿಂದ ನಿದ್ದೆಯಿಲ್ಲ. ಯಾರು ತಪ್ಪು ಹೊರಿಸುತ್ತಾರೆ? ಅವತ್ತೂ ನಾನು ಹೊರಿಸಲಿಲ್ಲ, ಇವತ್ತೂ ಇಲ್ಲ. ಪುಸ್ತಕದಲ್ಲಿ ನಿನ್ನ ಹೆಸರು ಬರುವುದಿಲ್ಲ, ಮಾತು ಕೊಡುತ್ತೇನೆ. ನಾನಂತೂ ಮೇಲೆ ಲೈಬ್ರರಿಯಲ್ಲಿ ಭೂಗೋಳದ ಕಪಾಟುಗಳ ನಡುವೆ ಮಲಗಿದ್ದೆ. ಗದ್ದಲ ಕೇಳಿಯೇ ಎದ್ದದ್ದು. ಹಾಗಾಗಿ ಬಾಗಿಲಿನ ವಿಷಯದಲ್ಲಿ ನನ್ನ ಸಾಕ್ಷಿ ಯಾವ ಉಪಯೋಗಕ್ಕೂ ಬಾರದು.

ಮಿಸ್ಟರ್ ಕ್ರೆಸ್‌ವೆಲ್ ಕಳೆದ ವಸಂತದಲ್ಲಿ ತೀರಿಕೊಂಡರು, ನಿನಗೆ ಗೊತ್ತಾಯಿತೋ ಇಲ್ಲವೋ. ನಾನು ಮಣ್ಣಿಗೆ ಹೋಗಿದ್ದೆ. ಕೊನೆಯವರೆಗೂ ನನಗೆ ಕ್ರಿಸ್ಮಸ್ ಕಾರ್ಡ್ ಬರೆಯುತ್ತಿದ್ದರು. ನಾವು ಅಂದುಕೊಂಡಷ್ಟು ಕೆಟ್ಟ ಮನುಷ್ಯರೇನಲ್ಲ. ಅವರಿಗೂ ಮೇಲಿನಿಂದ ಒತ್ತಡವಿತ್ತು.

ನನಗೆ ಬೇಕಾದದ್ದು ಮಕ್ಕಳ ಕೋಣೆಯ ವಿವರ. ಗೋಡೆಯ ಬಣ್ಣ, ವಾಸನೆ, ಏನು ತಿನ್ನುತ್ತಿದ್ದೆವು. ಅಂಥದ್ದೇ ಪುಸ್ತಕಕ್ಕೆ ಜೀವ ಕೊಡುವುದು. ಮಿಸೆಸ್ ಸೋಲಂಕಿ ಇದ್ದಾರೆಯೇ?

ಪ್ರೀತಿಯಿಂದ
ಮೆರಿಯಲ್


ಲೆಸ್ಟರ್
23 ನವೆಂಬರ್ 2025

ಪ್ರೀತಿಯ ಮೆರಿಯಲ್,

ಕ್ರೆಸ್‌ವೆಲ್ ಮಣ್ಣಿಗೆ ಹೋದೆಯಲ್ಲ, ನೀನು ದೊಡ್ಡ ಮನಸ್ಸಿನವಳು. ನನ್ನಿಂದ ಆಗುತ್ತಿರಲಿಲ್ಲ.

ಮಿಸೆಸ್ ಸೋಲಂಕಿ ಇದ್ದಾರೆ. ತೊಂಬತ್ತು ದಾಟಿದೆ, ವೃದ್ಧಾಶ್ರಮದಲ್ಲಿದ್ದಾರೆ. ನಿನಗೋಸ್ಕರ ಹೋದೆ. ನಿನಗೋಸ್ಕರ ಎಂದರೆ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಅವರು ಮಾರ್ಕೆಟಿನಲ್ಲಿ ಕಂಡರೆ ಆಲೂಗಡ್ಡೆ ಅಂಗಡಿಯ ಹಿಂದೆ ಅಡಗುತ್ತಿದ್ದೆ. ನನ್ನಿಂದ ಅವರ ಕೆಲಸ ಹೋಗಿದೆ, ಯಾವ ಮುಖ ಇಟ್ಟುಕೊಂಡು ಎದುರು ನಿಲ್ಲಲಿ? ಕಿಟಕಿಯ ಪಕ್ಕ ಶಾಲು ಹೊದ್ದು ಕೂತಿದ್ದರು. ನನ್ನನ್ನು ಕಂಡದ್ದೇ ಪಕ್ಕದ ಕುರ್ಚಿಯ ಮುದುಕಿಗೆ, “ಬಂದ್ಳು ನೋಡು ನನ್ನ ಚಿಲಕದ ರಾಣಿ!” ಅಂದರು. ಮರೆತಿಲ್ಲ ನೋಡು. ಎದ್ದು ಬಂದುಬಿಡೋಣ ಅನ್ನಿಸಿತು, ಆದರೆ ಕೈ ಹಿಡಿದುಕೊಂಡಿದ್ದರು.

“ಪುಸ್ತಕ ಬರತ್ತಂತಲ್ಲ, ದೀಕ್ರಿ, ಮಗಳೇ?”

“ಬರತ್ತೆ. ಮೆರಿಯಲ್ ಬರೀತಿದಾಳೆ.”

“ಯಾರು, ಆ ಉದ್ದ ಜಡೆಯವಳಾ? ಮೈಕ್ ಕೈಗೆ ಕೊಟ್ರೆ ವಾಪಸ್ ಕೊಡ್ತಾನೇ ಇರ್ಲಿಲ್ಲ. ನನ್ನ ಢೋಕ್ಳಾ ತಿಂದು ತಟ್ಟೇನೂ ನೆಕ್ಕೋಳು.”

“ಅವಳೇ.”

“ತೊಟ್ಟಿಲುಗಳ ಫೋಟೋ ಹಾಕೋಕೆ ಹೇಳು. ಒಂದಕ್ಕೆ ಕಾಲಿರ್ಲಿಲ್ಲ, ಡಿಕ್ಷನರಿ ಕೊಟ್ಟು ನಿಲ್ಲಿಸಿದ್ದೆ.”

“ಅದು ಕ್ರೆಸ್‌ವೆಲ್ ಡಿಕ್ಷನರಿ ಅಲ್ವಾ?”

“ಅವರಿಗ್ಯಾಕೆ ಡಿಕ್ಷನರಿ? ಇದ್ದಿದ್ದೇ ಎರಡು ಮಾತು, ‘ಆಗಲ್ಲ’, ‘ನೋಡೋಣ’.” ಪಕ್ಕದ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಆಮೇಲೆ ಮಿಸೆಸ್ ಸೋಲಂಕಿ ಗಂಭೀರವಾಗಿ, “ನಾ ಸಾಯೋದ್ರೊಳಗೆ ತಂದು ತೋರ್ಸು. ಆ ಕೋಣೆ ಇತ್ತು ಅಂತ ಎಲ್ಲೂ ಒಂದು ಸಾಲು ಬರೆದಿಲ್ಲ. ನನ್ನ ಸೊಸೇನೇ ನಂಬಲ್ಲ, ಕಾಲೇಜಲ್ಲಿ ತೊಟ್ಟಿಲಾ ಅಂತಾಳೆ” ಅಂದರು.

ನಿನ್ನ ವಿವರ ಬರೆದುಕೋ. ಗೋಡೆಗೆ ಹಳದಿ, ಅದೂ ಅರ್ಧಕ್ಕೇ, ಬಣ್ಣ ಮುಗಿದುಹೋಗಿತ್ತು. ವಾಸನೆ ಬಾಯ್ಲರಿನ ಕೋಕ್ ಕಲ್ಲಿದ್ದಲು, ಬಿಸಿ ಹಾಲು, ಸಾಸಿವೆ ಒಗ್ಗರಣೆ. ಮೇಲಿನ ತರಗತಿಯ ಕುರ್ಚಿ ಎಳೆದರೆ ಕೆಳಗೆ ಕೂಸುಗಳು ಬೆಚ್ಚುತ್ತಿದ್ದವು.

ಒಂದು ಮಾತು ಇಷ್ಟು ವರ್ಷದಲ್ಲಿ ನಿನಗೆ ಹೇಳಿಯೇ ಇಲ್ಲ. ಆ ಬೆಳಿಗ್ಗೆ ನಮ್ಮನ್ನು ಹಿಮದಲ್ಲಿ ಬೀದಿಗೆ ತಂದು ನಿಲ್ಲಿಸಿದಾಗ ಎಲ್ಲರೂ ಕಿರುಚುತ್ತಿದ್ದರಲ್ಲ, “ಕೆಳಗಿನ ಬಾಗ್ಲಲ್ಲಿ ಯಾರಿದ್ರೇ? ಯಾರ ಸರದೀರೇ ಅದು?” ಎಂದು. ನೀನೇ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ಅಪ್ಪಿಕೊಂಡು, “ಲಿನೆಟ್‌ದು ಸರದಿ. ಬಿಡ್ರೇ ಪಾಪ, ಮಗು ಅಳ್ತಿತ್ತು, ಅವಳೇನ್ ಮಾಡ್ತಾಳೆ?” ಅಂದೆ. ಆ ಅಪ್ಪುಗೆಯ ಮೇಲೆ ನಾನು ಬದುಕಿದ್ದೇನೆ, ಮೆರಿಯಲ್. ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲುಚೀಲದ ಬೆರಳು ಹೊಲಿಯುವಾಗ ನೆನೆಸಿಕೊಳ್ಳುತ್ತಿದ್ದೆ, ಒಬ್ಬಳಾದರೂ ನನ್ನ ಕಡೆ ಇದ್ದಳು ಎಂದು.

ಈ ಕಾಗದ ಸೇರಿದ ಕೂಡಲೇ ಎರಡು ಸಾಲು ಬರೆ.

ನಿನ್ನ
ಲಿನೆಟ್


ಲೆಸ್ಟರ್
19 ಡಿಸೆಂಬರ್ 2025

ಮೆರಿಯಲ್,

ಕಾಗದ ಸೇರಿತೇ? ಪೋಸ್ಟ್‌ಕೋಡ್ ತಪ್ಪು ಬರೆದೆನೇನೋ ಎಂದು ಯೋಚನೆ. ಅಥವಾ ಆ ಅಪ್ಪುಗೆಯ ಮಾತು ಬರೆದದ್ದು ನಿನಗೆ ಮುಜುಗರವಾಯಿತೇ? ಹಾಗಿದ್ದರೆ ಆ ಸಾಲು ಓದಲೇ ಇಲ್ಲ ಅಂದುಕೋ.

ಟೆಗನ್‌ಳನ್ನು ಕಾಲೇಜು ತೋರಿಸಲು ಕರೆದುಕೊಂಡು ಹೋಗಿದ್ದೆ. ನೆಲಮಾಳಿಗೆಯಲ್ಲಿ ಈಗ ಸೈಕಲ್ ನಿಲ್ಲಿಸುತ್ತಾರೆ. ಅವಳು, “ಅಜ್ಜೀ, ನೀನೂ ಇಲ್ಲೇ ಓದಿದ್ದಾ? ಮತ್ಯಾಕ್ ಬಿಟ್ಟೆ?” ಎಂದು ಕೇಳಿದಳು. “ಬಿಸ್ಕತ್ತು ತಿನ್ನು” ಅಂದೆ.

ಕ್ರಿಸ್ಮಸ್ ಶುಭಾಶಯ. ಒಲೆ ಆರಿಸಿ ಮಲಗು.

ಲಿನೆಟ್


ಅಬರ್ಡೀನ್
17 ಜನವರಿ 2026

ಪ್ರಿಯ ಲಿನೆಟ್,

ಕ್ಷಮಿಸು, ಕೆಲಸದ ಗಡಿಬಿಡಿ, ಆಮೇಲೆ ಜ್ವರ. ಕಾಗದಗಳೆಲ್ಲ ಸೇರಿವೆ. ಮುಜುಗರ ಏನೂ ಇಲ್ಲ.

ಧರಣಿಯ ಪುಟದ ಕರಡು ಇದರೊಂದಿಗಿದೆ. ಅರ್ಧ ಹಳದಿಯ ಗೋಡೆ, ಡಿಕ್ಷನರಿ ಮೇಲೆ ನಿಂತ ತೊಟ್ಟಿಲು ಎಲ್ಲ ಬಂದಿದೆ, ಮಿಸೆಸ್ ಸೋಲಂಕಿಯವರಿಗೆ ಓದಿ ಹೇಳು. ಬಾಗಿಲಿನ ಬಗ್ಗೆ ಒಂದೇ ವಾಕ್ಯ ಬರೆದಿದ್ದೇನೆ, ನೋಡು: “ಶುಕ್ರವಾರ ಬೆಳಗಿನ ಜಾವ, ಕಾವಲಿಗಿದ್ದ ಎಳೆಯ ತಾಯಿಯೊಬ್ಬಳು ಅಳುವ ಮಗುವನ್ನು ಸಂತೈಸಲು ಎದ್ದು ಹೋದಾಗ ಬಾಯ್ಲರ್ ಕೋಣೆಯ ಬಾಗಿಲು ತೆರೆದೇ ಉಳಿಯಿತು, ಅಲ್ಲಿಗೆ ಧರಣಿ ಮುಗಿಯಿತು.” ಹೆಸರಿಲ್ಲ, ಕಹಿಯಿಲ್ಲ. ಓದುವವರಿಗೆ ಕಣ್ಣೀರು ಬರಬೇಕು, ಕೋಪವಲ್ಲ.

ಈ ವಾಕ್ಯ ನಿನ್ನನ್ನು ಅಲಕ್ಷ್ಯದವಳು ಅನ್ನುತ್ತದೆ ಎಂದು ಕೊರಗಬೇಡ. ನೀನು ಅಂಥವಳಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂಸಿನ ತಳ್ಳುಗಾಡಿಯ ಕೆಂಪು ಪಟ್ಟಿಯನ್ನು ಬಿಚ್ಚಿ ತಂದು ಚಿಲಕಕ್ಕೂ ಪಕ್ಕದ ಪೈಪಿಗೂ ಸುತ್ತಿ ಕಟ್ಟಿದ ಹುಡುಗಿ ನೀನು. ಆ ಪಟ್ಟಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಭಯ, ಅಷ್ಟು ಪ್ರೀತಿ. ಅಂಥವಳನ್ನು ಯಾರು ದೂರುತ್ತಾರೆ, ಹೇಳು.

ಫೆಬ್ರವರಿ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ತಪ್ಪಿದ್ದರೆ ಬೇಗ ತಿಳಿಸು.

ಪ್ರೀತಿಯಿಂದ
ಮೆರಿಯಲ್


ಲೆಸ್ಟರ್
24 ಜನವರಿ 2026

ಮೆರಿಯಲ್,

ನಿನ್ನ ಕಾಗದ ಮಂಗಳವಾರ ಬಂತು. ಅಡಿಗೆಮನೆಯಲ್ಲಿ ನಿಂತೇ ಓದಿದೆ. ಕೆಂಪು ಪಟ್ಟಿ ಎಂಬಲ್ಲಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತೆ.

ನಾನು ಕಟ್ಟಿದ್ದೆ. ಕಟ್ಟಿದ್ದೆ ಕಣೇ! ನೀನು ನಗುತ್ತೀಯ ಎಂದು ಬರೆಯದೆ ಬಿಟ್ಟಿದ್ದು ಅದೇ. ಚಿಲಕ ಹಾಕಿ ಎರಡು ಮೆಟ್ಟಿಲು ಹತ್ತಿ, ಮನಸ್ಸು ಕೇಳದೆ ಇಳಿದು, ಕೂಸಿನ ಗಾಡಿಯಿಂದ ಪಟ್ಟಿ ಬಿಚ್ಚಿ ಸುತ್ತಿ ಕಟ್ಟಿದೆ. ಅದನ್ನು ಕನಸು ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಆಮೇಲೆ ಗಾಡಿಯಲ್ಲಿ ಪಟ್ಟಿ ಇರಲಿಲ್ಲ ನಿಜ. ಅದು ಬಸ್ಸಿನಲ್ಲಿ ಬಿದ್ದಿರಬೇಕು ಅಂದುಕೊಂಡೆ. ಪಟ್ಟಿಯಿಲ್ಲದ ಗಾಡಿಯಲ್ಲಿ ಕೂಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತಳ್ಳಿಕೊಂಡು ಮನೆಗೆ ಹೋದದ್ದು ನೆನಪಿದೆ. ಮಂಗಳವಾರ ರಾತ್ರಿ ನಾನು ಬಾಗಿಲು ನೋಡಲು ಏಳಲೇ ಇಲ್ಲ. ಜೋಗೆ ಹೇಳಿದರೆ, “ಹುಷಾರಾಗಿದೀಯಾ ಅಮ್ಮಾ?” ಎಂದು ಕೇಳಿದಳು.

ಬುಧವಾರ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಆಗ ಹೊಳೆಯಿತು. ಕೈ ನೀರಿನಲ್ಲೇ ಇತ್ತು, ನೀರು ತಣ್ಣಗಾಗುವವರೆಗೂ ತೆಗೆಯಲಿಲ್ಲ.

ನಿನಗೆ ಹೇಗೆ ಗೊತ್ತು, ಮೆರಿಯಲ್?

ನಾನು ಒಬ್ಬಳೇ ಕಟ್ಟಿದ್ದು. ಯಾರಿಗೂ ಹೇಳಲಿಲ್ಲ, ಬಾಗಿಲಿಗೆ ಹಗ್ಗ ಕಟ್ಟುತ್ತಾಳೆ ಎಂದು ಮೊದಲೇ ಎಲ್ಲರೂ ಆಡಿಕೊಳ್ಳುತ್ತಿದ್ದರು. ಹಾಲು ಕೊಟ್ಟು ಬರುವಷ್ಟರಲ್ಲಿ ಅವರು ಒಳಗಿದ್ದರು. ನಮ್ಮನ್ನು ಮುಂದಿನ ಮೆಟ್ಟಿಲಿಂದ ಬೀದಿಗೆ ತಳ್ಳಿದರು. ಕೆಳಗೆ ಯಾರೂ ಹೋಗಲಿಲ್ಲ, ಆ ಬಾಗಿಲನ್ನು ಒಳಗಿನಿಂದ ನಾನೂ ಮತ್ತೆ ನೋಡಲಿಲ್ಲ. ಪಟ್ಟಿ ಕಟ್ಟಿದ್ದನ್ನು ನೋಡಿರುವವಳು ನಾನು ಮೇಲೆ ಹೋದ ಮೇಲೆ ಕೆಳಗಿಳಿದವಳು. ಚಿಲಕ ಇರುವುದು ಒಳಗೆ.

ನೀನು ಭೂಗೋಳದ ಕಪಾಟಿನ ನಡುವೆ ಮಲಗಿದ್ದೆ.

ದಿನಾ ಸಂಜೆ ನಮ್ಮ ಪರವಾಗಿ ಮಾತಾಡಲು ಕ್ರೆಸ್‌ವೆಲ್ ಕೋಣೆಗೆ ಹೋಗುತ್ತಿದ್ದವಳು ನೀನು. “ಏನಂದ್ರೇ?” ಎಂದು ಕೇಳಿದರೆ, “ಏನಿಲ್ಲ, ಅದೇ ರಾಗ” ಅನ್ನುತ್ತಿದ್ದೆ. ನಾವು ನಂಬಿ ಟೀ ಕೊಡುತ್ತಿದ್ದೆವು. ಡರಮ್‌ಗೆ ನಿನ್ನ ಬಗ್ಗೆ ಶಿಫಾರಸು ಬರೆದುಕೊಟ್ಟವರು ಯಾರು ಎಂದು ನಾನು ಯಾವತ್ತೂ ಯೋಚಿಸಲೇ ಇಲ್ಲ. ಪ್ರಿನ್ಸಿಪಾಲ್ ತಾನೇ ಬರೆಯುವುದು.

ನಾನು ಚಿಂತೆಯ ಪಿಂಡ, ಇಲ್ಲದ್ದನ್ನು ಕಟ್ಟಿಕೊಳ್ಳುವವಳು. ಇದನ್ನೂ ನಾನೇ ಕಟ್ಟಿಕೊಂಡಿದ್ದೇನೆ ಅನ್ನು. ಅನ್ನು, ಸಾಕು. ಬೇರೆ ಏನಾದರೂ ಇದೆ ಎಂದು ಬರೆ. ನಾನು ನಂಬುತ್ತೇನೆ, ನಂಬಲು ಕೂತಿದ್ದೇನೆ.

ಲಿನೆಟ್


ಅಬರ್ಡೀನ್
20 ಫೆಬ್ರವರಿ 2026

ಪ್ರಿಯ ಲಿನೆಟ್,

ನಿನ್ನ ಪತ್ರ ಓದಿ ನೋವಾಯಿತು. ಉತ್ತರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ನೆನಪು ವಿಚಿತ್ರವಾದದ್ದು. ಪಟ್ಟಿಯ ವಿಷಯ ಯಾರೋ ನನಗೆ ಹೇಳಿರಬೇಕು, ಬಹುಶಃ ನೀನೇ, ಬಹುಶಃ ಮಿಸ್ಟರ್ ಕ್ರೆಸ್‌ವೆಲ್ ಯಾವುದೋ ಕಾರ್ಡಿನಲ್ಲಿ. ಇಷ್ಟು ಕಾಲದ ಮೇಲೆ ಖಚಿತವಾಗಿ ಹೇಳಲಾಗದು. ನಾವೆಲ್ಲ ಆಗ ಮಕ್ಕಳು. ಕೆಲವರಿಗೆ ಆ ಬೀದಿಯಿಂದ ಹೊರಬೀಳಲು ಒಂದೇ ಒಂದು ದಾರಿ ಇತ್ತು ಎಂಬುದನ್ನೂ ನೀನು ಮರೆಯಬಾರದು.

ಈಗ ಕಾಲೇಜಿನವರೂ ನಾನೂ ಕೂತು ಆ ಭಾಗವನ್ನು ಚಿಕ್ಕದು ಮಾಡಲು ತೀರ್ಮಾನಿಸಿದ್ದೇವೆ. ಪುಟಗಳು ಮಿತಿ ಮೀರಿದ್ದವು. ಈಗಿರುವುದು ಹೀಗೆ: “1990ರಲ್ಲಿ ನೆಲಮಾಳಿಗೆಯನ್ನು ಬೇರೆ ಉಪಯೋಗಕ್ಕೆ ಮಾರ್ಪಡಿಸಲಾಯಿತು.” ಇದರಿಂದ ಯಾರಿಗೂ ನೋವಾಗುವುದಿಲ್ಲ. ಬಾಗಿಲಿನ ವಾಕ್ಯವೇ ಇಲ್ಲವಾದ್ದರಿಂದ ನಿನಗೂ ನೆಮ್ಮದಿ ಎಂದು ಭಾವಿಸುತ್ತೇನೆ. ಅಚ್ಚಿನ ಕೊನೆಯ ತಿದ್ದುಪಡಿಗೆ ಮಾರ್ಚ್ ಹತ್ತರವರೆಗೆ ಅವಕಾಶವಿದೆ.

ಶುಭವಾಗಲಿ.
ಮೆರಿಯಲ್ ಹಾವರ್ತ್


ಲೆಸ್ಟರ್
3 ಮಾರ್ಚ್ 2026

ಮೆರಿಯಲ್ ಹಾವರ್ತ್,

ಇದು ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನ್ನ ಕಾಲು ಹಿಡಿದಿದ್ದೆ. ಬೇಕಾದರೆ ಬಾಗಿಲು ತೆರೆದಿಟ್ಟವಳು ಲಿನೆಟ್ ಪೆಲ್ ಎಂದು ಹೆಸರು ಹಾಕಿಯೇ ಬರೆ, ಆದರೆ ಮಕ್ಕಳ ಕೋಣೆಯನ್ನು ಅಳಿಸಬೇಡ ಎಂದು ಬರೆದಿದ್ದೆ. ಹೊತ್ತು ಅಭ್ಯಾಸವಾಗಿದೆ, ಇನ್ನೂ ಹೊರುತ್ತೇನೆ ಎಂದು. ಅಂಚೆ ಚೀಟಿಯನ್ನೂ ಅಂಟಿಸಿದ್ದೆ. ಟೆಗನ್ ಆ ಕಾಗದ ಓದಿಬಿಟ್ಟಳು. ಹೇಳಿದ್ದೆನಲ್ಲ, ಎಲ್ಲವನ್ನೂ ಓದುವ ಹುಡುಗಿ. “ಅಜ್ಜೀ, ನೀನು ಮಾಡದೇ ಇರೋದನ್ನ ಮಾಡ್ದೆ ಅಂತ ಬರ್ಕೊಡ್ತೀಯಾ? ಆ ಪುಸ್ತಕ ನಂಗೂ ಕೊಡ್ತಾರೆ, ನಾನೇನ್ ಮಾಡ್ಲಿ, ಸುಳ್ಳು ಅಂತ ಅಂಚಲ್ಲಿ ಬರ್ಕೊಳ್ಲಾ?” ಅಂದಳು. ಮೇಜಿನ ಡ್ರಾಯರಿನಿಂದ ನಿನ್ನ ಕಾಗದಗಳನ್ನೂ ತೆಗೆದು ಓದಿದಳು. ನಾನು ತಡೆಯಲಿಲ್ಲ.

ಮಿಸೆಸ್ ಸೋಲಂಕಿ ಹತ್ತಿರ ಹೋದೆ. ಅವರಿಗೆ ಹೇಳದೆ ಇರಲು ಆಗಲಿಲ್ಲ. ಪಟ್ಟಿ ಕಟ್ಟಿದ್ದು, ನಿನಗೆ ಅದು ಗೊತ್ತಿದ್ದದ್ದು, ಎಲ್ಲ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ.

“ನಾನು ಅವತ್ತೇ ಹೇಳಿದ್ದೆ,” ಅಂದರು. “ಲಿನೆಟ್ ಬಾಗ್ಲಲ್ಲಿದ್ರೆ ಬಾಗ್ಲು ಹಾಕಿತ್ತು ಅಂತ್ಲೇ ಲೆಕ್ಕ, ಬೇರೆ ಯಾರೋ ತೆಗೆದಿದ್ದು ಅಂತ. ಯಾರ್ ಕೇಳಿದ್ರು ಮಕ್ಕಳ ಆಯಾ ಮಾತು?”

“ಮತ್ತೆ ನನ್ನನ್ನ ಚಿಲಕದ ರಾಣಿ ಅಂತ ಹಂಗಿಸ್ತಿದ್ರಲ್ಲ?”

“ಹಂಗಿಸೋದಾ? ಅಯ್ಯೋ ಪೆದ್ದೀ! ನನ್ನ ಕೂಸುಗಳ ಕೋಣೇಗೆ ದಿನಾ ಮೂರ್ ಸಲ ಚಿಲಕ ನೋಡ್ತಿದ್ದೋಳು ನೀನೊಬ್ಳೇ. ಹೊಗಳಿಕೆ ಕಣೇ ಅದು.” ಆಮೇಲೆ ನನ್ನ ಮುಖ ನೋಡಿ, “ಅದಕ್ಕಾ ನೀನು ಮಾರ್ಕೆಟ್ಟಲ್ಲಿ ಆಲೂಗಡ್ಡೆ ಹಿಂದೆ ಕೂತ್ಕೊಳ್ತಿದ್ದಿದ್ದು? ನಾನು ಈ ಹುಡುಗೀಗೆ ಸೊಂಟನೋವು ಅಂದ್ಕೊಂಡಿದ್ದೆ” ಅಂದರು.

ನಗಲು ಹೋಗಿ ಅತ್ತೆ. ಇಷ್ಟು ವರ್ಷ ನನ್ನನ್ನು ನಂಬಿದ್ದವರಿಂದ ಅಡಗಿಕೊಂಡೆ. ನಮ್ಮನ್ನು ಮಾರಿದವಳಿಗೆ ಕ್ರಿಸ್ಮಸ್ ಕಾರ್ಡು ಕಳಿಸಿದೆ.

ನಿನ್ನ ಹೊಸ ಸಾಲನ್ನು ಅವರಿಗೆ ಓದಿ ಹೇಳಿದೆ. “ಬೇರೆ ಉಪಯೋಗಕ್ಕೆ” ಎಂಬುದನ್ನು ಎರಡು ಸಲ ಓದಿಸಿದರು. “ಅಂದ್ರೆ ಮೊದಲಿನ ಉಪಯೋಗ ಏನಿತ್ತು ಅಂತ ಬರೆದಿಲ್ವಾ?” ಎಂದು ಕೇಳಿದರು. ಇಲ್ಲ ಅಂದೆ. ಶಾಲನ್ನು ಮೇಲೆಳೆದುಕೊಂಡು ಕಿಟಕಿಯ ಕಡೆ ತಿರುಗಿದರು. ನೀನು ಬಾಗಿಲು ತೆಗೆದದ್ದು ಆಗ ಹದಿನೆಂಟಕ್ಕೆ. ಬೀದಿಯಿಂದ ಹೊರಬೀಳಲು ಒಂದೇ ದಾರಿ ಇತ್ತು ಅನ್ನುತ್ತೀಯ. ಇರಬಹುದು. ನಮಗೂ ಒಂದೇ ದಾರಿ ಇತ್ತು, ಅದು ನೆಲಮಾಳಿಗೆಯಲ್ಲಿತ್ತು. ಆದರೆ ಈ ಸಾಲನ್ನು ನೀನು ಹದಿನೆಂಟಕ್ಕೆ ಬರೆದದ್ದಲ್ಲ.

ಕ್ರೆಸ್‌ವೆಲ್ ಹೇಳಿರಬೇಕು ಅಂದೆಯಲ್ಲ. ಯೋಚನೆ ಮಾಡಿದೆ, ಯೋಚನೆ ಮಾಡುವುದೇ ನನ್ನ ಕಸುಬು. ಅವರು ಬಂದಾಗ ಬಾಗಿಲು ತೆರೆದೇ ಇತ್ತು ಎಂದು ಅವರ ಬಾಯಿಂದಲೇ ಕೇಳಿದ್ದೇವೆ. ಹಾಗಿದ್ದರೆ ಪಟ್ಟಿ ಕಟ್ಟಿದ್ದು ಅವರಿಗೆ ಗೊತ್ತಾಗಿದ್ದು ಹೇಗೆ? ಬಿಚ್ಚಿದವಳು ಹೇಳಿರಬೇಕು. ಯಾವ ಕಡೆಯಿಂದ ನಡೆದು ಬಂದರೂ ನಿನ್ನ ಹತ್ತಿರವೇ ಬಂದು ನಿಲ್ಲುತ್ತೇನೆ.

ಆ ಹಿಮದಲ್ಲಿ ನೀನು ನನ್ನನ್ನು ಅಪ್ಪಿಕೊಂಡಾಗ ಪಟ್ಟಿ ನಿನ್ನ ಕೋಟಿನ ಜೇಬಿನಲ್ಲಿತ್ತೇ? ಕೇಳಬಾರದು ಎಂದುಕೊಂಡಿದ್ದೆ. ನಮ್ಮಿಬ್ಬರ ನಡುವೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು, ಅದು ಬಕಲ್ ಇರಬೇಕು ಎಂದು ಈಗ ಅನ್ನಿಸುತ್ತದೆ. ಅಥವಾ ಇದನ್ನೂ ನಾನೇ ಕಟ್ಟಿಕೊಳ್ಳುತ್ತಿದ್ದೇನೋ. ನೋಡು, ನೀನು ನನಗೆ ಮಾಡಿದ್ದು ಇದನ್ನೇ. ನನ್ನ ಕಣ್ಣು ಕಂಡದ್ದನ್ನು, ಕೈ ಮುಟ್ಟಿದ್ದನ್ನು ನಾನೇ ನಂಬದ ಹಾಗೆ ಮಾಡಿದೆ.

ಮಾರ್ಚ್ ಹತ್ತರವರೆಗೆ ಅವಕಾಶವಿದೆ ಅಂದಿದ್ದೀಯ. ಆ ಪುಟವನ್ನು ವಾಪಸು ಹಾಕು. ಹಳದಿ ಗೋಡೆ, ಒಗ್ಗರಣೆ, ಡಿಕ್ಷನರಿ ತೊಟ್ಟಿಲು ಎಲ್ಲ ಇರಲಿ, ಮಿಸೆಸ್ ಸೋಲಂಕಿ ಹೆಸರು ಪೂರ್ತಿ ಇರಲಿ, ಹಂಸಾ ಸೋಲಂಕಿ. ಎಳೆಯ ತಾಯಿ, ಅಳುವ ಮಗು ಎಂಬ ವಾಕ್ಯವನ್ನು ತೆಗೆ. ಅದರ ಜಾಗದಲ್ಲಿ ಇಷ್ಟು ಬರೆ: “ಬಾಯ್ಲರ್ ಕೋಣೆಯ ಬಾಗಿಲಿಗೆ ಚಿಲಕ ಹಾಕಿತ್ತು. ಅದನ್ನು ಒಳಗಿನಿಂದ ತೆಗೆದರು.” ಯಾರು ಎಂದು ಬರೆ ಅನ್ನುವುದಿಲ್ಲ. ಪೆನ್ನು ನಿನ್ನ ಕೈಯಲ್ಲಿದೆ, ಅದು ನಿನಗೆ ಬಿಟ್ಟದ್ದು. ಬರೆಯದಿದ್ದರೆ ಸೆಪ್ಟೆಂಬರಿನಲ್ಲಿ ಟೆಗನ್ ತನ್ನ ಪ್ರತಿಯ ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ. ಅವಳ ಕೈಬರಹ ಚೆನ್ನಾಗಿದೆ. ಪಕ್ಕದಲ್ಲಿ ಕೂತವರಿಗೂ ಬರೆದುಕೊಡುತ್ತೇನೆ ಅನ್ನುತ್ತಾಳೆ.

ಕೊನೆಗೆ ಒಂದು ಸಣ್ಣ ವಿಷಯ. ಮೂರು ದಿನದಿಂದ ಕೊರೆಯುತ್ತಿದೆ, ಕೇಳಲು ಬೇರೆ ಯಾರೂ ಇಲ್ಲ. ಪಟ್ಟಿಗೆ ನಾನು ಎರಡು ಗಂಟು ಹಾಕಿದೆ ಎಂದು ನೆನಪು. ಒಂದೇ ಆಗಿದ್ದರೂ ಇರಬಹುದು, ಜೋ ಆಗಲೇ ಅಳುತ್ತಿದ್ದಳು. ಸ್ವಲ್ಪ ಕಣ್ಣು ಮುಚ್ಚಿ, ಬೆರಳುಗಳನ್ನು ಕೇಳಿ, ಇನ್ನೊಂದು ಸಲ ಸರಿಯಾಗಿ ನೋಡಿ ಹೇಳು. ಒಂದಿತ್ತೋ, ಎರಡಿತ್ತೋ? ಬಿಚ್ಚಿದವಳಿಗೆ ಗೊತ್ತಿರುತ್ತದೆ.

ಲಿನೆಟ್ ಪೆಲ್